ಟೇಬಲ್ 7 ಅಡಿ, ಕೋಲು 58 ಇಂಚು: ಮನೆಗೆ ಪೂಲ್ ಟೇಬಲ್ ತಂದ ನನ್ನ ಅನುಭವ

ಮೈಸೂರಿನಲ್ಲಿ ನಮ್ಮದು 30×40 ಸೈಟಿನ ಮನೆ. ಮಗಳು ಓದಲು ಬೆಂಗಳೂರಿಗೆ ಹೋದ ಮೇಲೆ ಮಹಡಿಯ ಹಾಲ್‌ನಲ್ಲಿ ಒಂದು ದಿವಾನ, ಇಸ್ತ್ರಿಗೆ ಕಾದಿರುವ ಬಟ್ಟೆ, ಹಳೇ ಕಂಪ್ಯೂಟರು ಇಷ್ಟೇ ಉಳಿದಿತ್ತು. ಕಾಲೇಜಿನ ದಿನಗಳಲ್ಲಿ ಗಂಟೆಗೆ ಇಷ್ಟು ಅಂತ ದುಡ್ಡು ಕೊಟ್ಟು ಪೂಲ್, ಅಂದರೆ ಕೋಲಿನಿಂದ ಚೆಂಡು ಹೊಡೆದು ಟೇಬಲ್ಲಿನ ಗುಂಡಿಗೆ ಬೀಳಿಸುವ ಆಟ, ಆಡಿದವನು ನಾನು. ಆ ಹಾಲ್ ಕಂಡಾಗಲೆಲ್ಲ ಕೈ ತುರಿಸುತ್ತಿತ್ತು.

ಮೊದಲು ವಿಚಾರಿಸಿದ ಅಂಗಡಿಯವರು ಫೋನಿನಲ್ಲೇ ತೀರ್ಮಾನ ಕೊಟ್ಟರು: "12 ಅಡಿ ಅಗಲ ಇದ್ಯಾ ಸಾರ್? 8 ಅಡಿ ಟೇಬಲ್ ಆರಾಮಾಗಿ ಕೂರುತ್ತೆ." ಕೂರುತ್ತೆ, ಸುಳ್ಳಲ್ಲ. ಟೇಬಲ್ ಕೂತ ಮೇಲೆ ಆಡುವವರು ಎಲ್ಲಿ ನಿಲ್ಲಬೇಕು ಅನ್ನುವುದನ್ನು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಅಡ್ವಾನ್ಸ್ ಕೊಡುವುದಕ್ಕೆ ಮುಂಚೆ ಒಂದು ಭಾನುವಾರ ಬಿಡುವು ಸಿಕ್ಕಿದ್ದು ನನ್ನ ಪುಣ್ಯ.

ಆ ಭಾನುವಾರ ಟೇಪು ಹಿಡಿದು ಹಾಲ್ ಅಳೆದೆ. ಪ್ಲಾನಿನಲ್ಲಿ 13×17 ಅಂತ ಇದೆ. ಟೇಪಿನಲ್ಲಿ ಬಂದದ್ದು ಅಗಲ 12 ಅಡಿ 10 ಇಂಚು, ಉದ್ದ 16 ಅಡಿ 10 ಇಂಚು. ಎರಡು ಕಡೆಯ ಪ್ಲಾಸ್ಟರಿಂಗ್ ಒಂದಿಂಚು ತಿಂದಿತ್ತು, ಇನ್ನೊಂದಿಂಚು ಮೇಸ್ತ್ರಿಯ ಧಾರಾಳತನ. ಮನೆ ಕಟ್ಟುವಾಗ ಇದು ಯಾರ ಲೆಕ್ಕಕ್ಕೂ ಬರುವುದಿಲ್ಲ. ಪೂಲ್ ಟೇಬಲ್ಲಿಗೆ ಎರಡಿಂಚು ಅಂದರೆ ಒಂದು ಹೊಡೆತ. ಪ್ಲಾನ್ ನಂಬಬೇಡಿ, ಬ್ರೋಕರ್ ಕೊಟ್ಟ ಕಾಗದವನ್ನಂತೂ ನೋಡಲೇಬೇಡಿ.

ಇನ್ನು ಟೇಬಲ್ಲಿನ ಅಳತೆ. 7 ಅಡಿ, 8 ಅಡಿ, 9 ಅಡಿ ಅನ್ನುವುದೆಲ್ಲ ಕರೆಯುವ ಹೆಸರು. ಲೆಕ್ಕಕ್ಕೆ ಬೇಕಾದದ್ದು ಒಂದು ಕುಶನ್ನಿನ (ಟೇಬಲ್ಲಿನ ಒಳಬದಿಗೆ ಸುತ್ತಲೂ ಇರುವ ರಬ್ಬರ್ ಪಟ್ಟಿ) ಅಂಚಿನಿಂದ ಎದುರಿನ ಕುಶನ್ನಿನ ಅಂಚಿಗೆ ಎಷ್ಟು ಅನ್ನುವುದು. ಸಾಮಾನ್ಯವಾಗಿ 7 ಅಡಿಯದ್ದಕ್ಕೆ 78×39 ಇಂಚು, 8 ಅಡಿಯದ್ದಕ್ಕೆ 88×44, ಟೂರ್ನಮೆಂಟಿನ 9 ಅಡಿಯದ್ದಕ್ಕೆ 100×50. ಕೆಲವರು ಹೊರಗಿನ ಮರದ ಚೌಕಟ್ಟು ಸೇರಿಸಿ ಹೇಳುತ್ತಾರೆ, ಕೆಲವರು ಒಳಗಿನದ್ದನ್ನಷ್ಟೇ ಹೇಳುತ್ತಾರೆ. ಹಾಗಾಗಿ "ಕುಶನ್ನಿಂದ ಕುಶನ್ನಿಗೆ ಎಷ್ಟು?" ಅಂತಲೇ ಕೇಳಬೇಕು.

ಆಮೇಲೆ ಕ್ಯೂ, ಅಂದರೆ ಚೆಂಡು ಹೊಡೆಯುವ ಕೋಲು. ಮಾಮೂಲಿ ಕ್ಯೂ 57ರಿಂದ 58 ಇಂಚು. ಬಿಳಿ ಚೆಂಡು ಕುಶನ್ನಿಗೆ ಅಂಟಿಕೊಂಡು ನಿಂತಿದೆ, ನೀವು ಅದೇ ಕುಶನ್ನಿನ ಹಿಂದಿನಿಂದ ನೇರವಾಗಿ ಹೊಡೆಯಬೇಕು ಅಂದುಕೊಳ್ಳಿ. ಆಗ ಕ್ಯೂ ಪೂರ್ತಿಯಾಗಿ ಕುಶನ್ನಿನಿಂದ ಈಚೆಗೇ ಇರುತ್ತದೆ. 58 ಇಂಚು ಅಲ್ಲಿಗೇ ಹೋಯಿತು. ಹೊಡೆಯುವ ಮೊದಲು ಕೈ ಹಿಂದಕ್ಕೆಳೆಯಲು ಇನ್ನೊಂದು 5 ಇಂಚು ಬೇಡವೇ? ಟೇಬಲ್ ಮಾರುವವರ ಪಟ್ಟಿಗಳಲ್ಲಿ ಬರುವ ಕೋಣೆಯ ಅಳತೆಗಳು, 13×16 ಅಡಿ (7ರದ್ದಕ್ಕೆ), ಹದಿಮೂರೂವರೆ×17 (8ರದ್ದಕ್ಕೆ), 14×18 (9ರದ್ದಕ್ಕೆ) ಇವೆಲ್ಲ ಟೇಬಲ್ಲಿಗೆ ಎರಡು ಕಡೆ ಒಂದೊಂದು ಕ್ಯೂ ಕೂಡಿಸಿ ತೆಗೆದ ಸಂಖ್ಯೆಗಳು. ಕೈ ಹಿಂದಕ್ಕೆ ಹೋಗುವ ಜಾಗ ಅದರಲ್ಲಿ ಇಲ್ಲವೇ ಇಲ್ಲ ಅನ್ನಬಹುದು. ಆ ಅಳತೆಯ ಕೋಣೆಯಲ್ಲಿ ಆಡಬಹುದು, ಉಸಿರು ಬಿಗಿಹಿಡಿದು.

ನನ್ನ ಹಾಲಿನ ಅಗಲ 154 ಇಂಚು. 8 ಅಡಿ ಟೇಬಲ್ಲಿನ 44 ಕಳೆದರೆ ಉಳಿದದ್ದು 110, ಪಕ್ಕಕ್ಕೆ 55. ಅಂದರೆ ಕ್ಯೂ ಕೂಡ ಹಿಡಿಸುವುದಿಲ್ಲ! ಅಂಗಡಿಯವರ "ಆರಾಮ" ಅಲ್ಲಿಗೆ ಮುಗಿಯಿತು. 7 ಅಡಿಯದ್ದಾದರೆ ಪಕ್ಕಕ್ಕೆ ಐವತ್ತೇಳೂವರೆ. ಉದ್ದದ ಕಡೆ ತೊಂದರೆಯಿಲ್ಲ, ಎರಡೂ ತುದಿಗೆ 62 ಸಿಗುತ್ತದೆ. ನಾನು ನೋಡಿದ ಮನೆಗಳಲ್ಲೆಲ್ಲ ಇದೇ ಕಥೆ. ಉದ್ದ ಹೇಗೋ ಹೊಂದುತ್ತದೆ, ಕೈಕೊಡುವುದು ಅಗಲ.

ಕಾಗದದ ಲೆಕ್ಕದಿಂದ ಸಮಾಧಾನವಾಗಲಿಲ್ಲ. ಎಲೆಕ್ಟ್ರಿಷಿಯನ್ ಬಿಟ್ಟುಹೋಗಿದ್ದ ವೈರಿಂಗ್ ಪೈಪಿನ ತುಂಡೊಂದು ಟೆರೇಸಿನಲ್ಲಿ ಬಿದ್ದಿತ್ತು. ಸರಿಯಾಗಿ 58 ಇಂಚಿಗೆ ಕತ್ತರಿಸಿದೆ. ಸೀಮೆಸುಣ್ಣದಲ್ಲಿ ನೆಲದ ಮೇಲೆ 78×39ರ ಗೆರೆ ಎಳೆದೆ. ಅದರ ಅಂಚಿಗೆ ಊಟದ ಮನೆಯ ಟೇಬಲ್ ತಂದಿಟ್ಟು, ಮೇಲೊಂದು ನಿಂಬೆಹಣ್ಣು ಇಟ್ಟು, ಸುತ್ತಲೂ ಬಗ್ಗಿ ಬಗ್ಗಿ ಹೊಡೆಯುವ ಅಭಿನಯ ಮಾಡಿದೆ. ಅಮ್ಮ ಮೇಲೆ ಬಂದವರು ಬಾಗಿಲಲ್ಲೇ ನಿಂತು, "ನಿಂಬೆಹಣ್ಣು, ಮಂಡಲ ಎಲ್ಲ ಇದೆ, ಯಾರಿಗೋ ಮಾಟ ಮಾಡಿಸ್ತಿದ್ದೀಯಾ?" ಅಂದರು.

ಮಾಟವೇ ಇರಬಹುದು, ಆದರೆ ಅದರಿಂದ ತಿಳಿದದ್ದು ಬಹಳ. ಕೋಣೆಯ ಮೂಲೆಯಲ್ಲಿ 3 ಇಂಚು ಮುಂದೆ ಬಂದಿರುವ ಪಿಲ್ಲರ್ ಬಗ್ಗೆ ನಾನು ಸುಮ್ಮನೆ ತಲೆ ಕೆಡಿಸಿಕೊಂಡಿದ್ದೆ. ಮೂಲೆಯ ಕಡೆ ಕ್ಯೂ ಓರೆಯಾಗಿ ಹೋಗುವುದರಿಂದ ಜಾಗ ಹೆಚ್ಚೇ ಇರುತ್ತದೆ. ಅದೇ ಪಿಲ್ಲರ್ ಗೋಡೆಯ ನಡುವೆ ಇದ್ದಿದ್ದರೆ ಆಟ ಮುಗಿದಂತೆ. ಇನ್ನೊಂದು, ಪೂರ್ವದ ಗೋಡೆಯಲ್ಲಿ ಎರಡು ಕಿಟಕಿ. 9 ಇಂಚಿನ ಗೋಡೆ, ಫ್ರೇಮ್ ನಡುಮಧ್ಯೆ ಕೂತಿದೆ. ಹಾಗಾಗಿ ಕಿಟಕಿ ಇರುವಷ್ಟು ಅಗಲಕ್ಕೆ ಸುಮಾರು 3 ಇಂಚು ಪುಕ್ಕಟೆ. ಕಿಟಕಿಯ ಕೆಳಗಟ್ಟೆ ನೆಲದಿಂದ ಎರಡೂವರೆ ಅಡಿಗೆ ಇರುವುದರಿಂದ ಕ್ಯೂನ ಹಿಂತುದಿ ಗ್ರಾನೈಟಿಗೆ ತಾಗದೆ ಅದರ ಮೇಲೆಯೇ ಹಾಯುತ್ತದೆ. ಮೂರಡಿಗೆ ಇಟ್ಟಿದ್ದರೆ ಪ್ರತಿ ಸಲ ಗೀಚುತ್ತಿತ್ತು. ಇದೆಲ್ಲ ಟೇಪಿಗೆ ಗೊತ್ತಾಗುವುದಿಲ್ಲ, ಪೈಪಿಗೆ ಗೊತ್ತಾಗುತ್ತದೆ.

ಆಗ ತೆಗೆದುಕೊಂಡ ಒಂದು ತೀರ್ಮಾನದ ಬಗ್ಗೆ ನನಗೆ ಈಗಲೂ ಸ್ವಲ್ಪ ಜಂಬವಿದೆ. ಟೇಬಲ್ ಕೋಣೆಯ ನಟ್ಟನಡುವೆ ಇಟ್ಟರೆ ಎರಡೂ ಬದಿಗೆ ಐವತ್ತೇಳೂವರೆ, ಎರಡೂ ಬದಿಯಲ್ಲೂ ಕೊರತೆ, ಎಲ್ಲಿ ನಿಂತರೂ ಕಿರಿಕಿರಿ. ಅದರ ಬದಲು ಟೇಬಲ್ಲನ್ನು ಕಿಟಕಿಯ ಕಡೆಗೆ ಐದೂವರೆ ಇಂಚು ಸರಿಸಿದೆ. ಪಶ್ಚಿಮಕ್ಕೆ 63 ಇಂಚು ಸಿಕ್ಕಿತು, ಅಲ್ಲಿ ಪೂರ್ತಿ ಕ್ಯೂ, ಪೂರ್ತಿ ಕೈ. ಪೂರ್ವಕ್ಕೆ 52 ಉಳಿಯಿತು, ಅಲ್ಲಿ 48 ಇಂಚಿನ ಗಿಡ್ಡ ಕ್ಯೂ. ಎರಡು ಬದಿಯಲ್ಲೂ ಅರ್ಧಂಬರ್ಧ ಆಡುವುದಕ್ಕಿಂತ ಒಂದು ಬದಿಯಲ್ಲಿ ನೆಮ್ಮದಿಯಾಗಿ ಆಡುವುದು ಮೇಲು ಅಂತ ನನ್ನ ಅನಿಸಿಕೆ. ಕಣ್ಣಿಗೆ ಸ್ವಲ್ಪ ಓರೆ ಕಾಣುತ್ತದೆ ಅಂತ ಹೆಂಡತಿ ಇವತ್ತಿಗೂ ಹೇಳುತ್ತಾಳೆ, ನಿಜವೂ ಹೌದು.

ಗಿಡ್ಡ ಕ್ಯೂ ಅಂದರೆ ಮೂಗು ಮುರಿಯುವವರು ಬಹಳ. ತೂಕ ಕಡಿಮೆ, ಕೈಗೆ ಆಟಿಕೆಯ ಹಾಗೆ, ಒಪ್ಪುತ್ತೇನೆ. ಆದರೆ ಬಿಳಿ ಚೆಂಡು ಆ ಒಂದು ಕುಶನ್ನಿನ ಹತ್ತಿರ ನಿಂತಾಗ ಮಾತ್ರ ಅದು ಬೇಕಾಗುವುದು, ಒಂದು ಆಟದಲ್ಲಿ ಒಂದೆರಡು ಸಲ. ಗಿಡ್ಡ ಕ್ಯೂ ಬೇಡವೆಂದು ಉದ್ದದ್ದನ್ನೇ ಹಿಂದಿನಿಂದ ಎತ್ತಿ ಕಡಿದಾಗಿ ಹೊಡೆಯಲು ಹೋದರೆ ಚೆಂಡು ವಾಲುತ್ತದೆ, ಕೆಳಗಿನ ಬಟ್ಟೆಗೂ ಪೆಟ್ಟು. ನಮ್ಮ ಟೇಬಲ್ಲಿನ ಮೊದಲ ಬಿಳಿ ಕಲೆ ನನ್ನ ಭಾವಮೈದ ಹಾಗೆ ಹೊಡೆದದ್ದರ ಕೊಡುಗೆ.

ತೂಕದ ಭಯ ಮನೆಯವರಿಗೆಲ್ಲ ಇತ್ತು. 7 ಅಡಿಯ ಟೇಬಲ್, ಒಂದಿಂಚು ದಪ್ಪದ ಸ್ಲೇಟ್ ಕಲ್ಲು, ಎಲ್ಲ ಸೇರಿ ಸುಮಾರು 300 ಕೆಜಿ. ಪರಿಚಯದ ಇಂಜಿನಿಯರ್ ಬಂದು ನೋಡಿ ನಕ್ಕರು. ವಾಸದ ಮನೆಯ ಆರ್‌ಸಿಸಿ ನೆಲವನ್ನು ಚದರ ಮೀಟರಿಗೆ 200 ಕೆಜಿ ಲೆಕ್ಕದಲ್ಲಿ ಡಿಸೈನ್ ಮಾಡುತ್ತಾರೆ. "ನಿಮ್ಮ ವರಮಹಾಲಕ್ಷ್ಮಿ ಹಬ್ಬಕ್ಕೆ ಇದಕ್ಕಿಂತ ಜಾಸ್ತಿ ಜನ ಇಲ್ಲಿ ಕೂರ್ತಾರಲ್ಲ" ಅಂದರು. ಮರದ ತೊಲೆಗಳ ಮೇಲೆ ಇಟ್ಟಿಗೆ ಗಾರೆ ಹಾಕಿದ ಹಳೆಯ ಮದ್ರಾಸ್ ತಾರಸಿ ಇರುವ ಮನೆಯಾದರೆ ಮಾತ್ರ ತೋರಿಸದೆ ಮುಂದುವರಿಯಬೇಡಿ.

ನಾನು ಮರೆತದ್ದು ಮೆಟ್ಟಿಲು. ಕೋಣೆ ಅಳೆದೆ, ಕೋಣೆಗೆ ಹೋಗುವ ದಾರಿ ಅಳೆಯಲಿಲ್ಲ. ಸ್ಲೇಟ್ ಮೂರು ತುಂಡಾಗಿ ಬಂದಿತ್ತು, ಒಂದೊಂದೂ 50 ಕೆಜಿಯ ಮೇಲೆ. ಕಲ್ಲುಗಳು ಹೇಗೋ ಹತ್ತಿದವು. ಉದ್ದದ ಚೌಕಟ್ಟು ಮೆಟ್ಟಿಲಿನ ತಿರುವಿನಲ್ಲಿ ಸಿಕ್ಕಿಕೊಂಡಿತು. ನಾಲ್ಕು ಜನ ಅರ್ಧ ಗಂಟೆ ಅದನ್ನು ಹಾಗೆ ತಿರುಗಿಸಿ ಹೀಗೆ ತಿರುಗಿಸಿ, ಕೊನೆಗೆ ಬಾಲ್ಕನಿಗೆ ಹಗ್ಗ ಹಾಕಿ ಎಳೆದುಕೊಂಡರು. ಎದುರು ಮನೆಯವರು ಕಾಫಿ ಲೋಟ ಹಿಡಿದು ನಿಂತು ನೋಡಿದರು.

ಫಿಟ್ಟರ್ ಮಾತ್ರ ಕಸುಬುದಾರ. ರಸಮಟ್ಟ ಇಟ್ಟು, ಕಾಲಿನ ಬೋಲ್ಟ್ ತಿರುಗಿಸಿ, ಸ್ಲೇಟ್ ತುಂಡುಗಳ ಸಂದಿಗೆ ಜೇನುಮೇಣ ಕರಗಿಸಿ ಬಿಟ್ಟು, ಗಟ್ಟಿಯಾದ ಮೇಲೆ ಬ್ಲೇಡಿನಿಂದ ಹೆರೆದ. ಬೆರಳಾಡಿಸಿದರೆ ಸಂದಿ ಎಲ್ಲಿದೆ ಅಂತ ಗೊತ್ತಾಗುತ್ತಿರಲಿಲ್ಲ. ಆಮೇಲೆ ಮೇಲೆ ನೋಡಿ, "ಸಾರ್, ಫ್ಯಾನ್ ಏನ್ ಮಾಡ್ತೀರ?" ಅಂದ. ಅದನ್ನು ನಾನು ಯೋಚಿಸಿಯೇ ಇರಲಿಲ್ಲ. ಫ್ಯಾನಿನ ಮೇಲೆ ಲೈಟಿದ್ದರೆ ರೆಕ್ಕೆಯ ನೆರಳು ಹಸಿರು ಬಟ್ಟೆಯ ಮೇಲೆ ಪಟಪಟ ಓಡಾಡುತ್ತದೆ, ಎರಡೇ ನಿಮಿಷಕ್ಕೆ ತಲೆನೋವು. ಫ್ಯಾನ್ ಬಿಚ್ಚಿಸಿ, ಲೈಟನ್ನು ಟೇಬಲ್ಲಿನ ಹಾಸಿನಿಂದ 34 ಇಂಚು ಎತ್ತರಕ್ಕೆ ಇಳಿಬಿಟ್ಟೆ. ಟೇಬಲ್ ಐದೂವರೆ ಇಂಚು ಸರಿದಿತ್ತಲ್ಲ, ಫ್ಯಾನ್ ಹುಕ್ಕು ಕೋಣೆಯ ನಡುವೆ ಇತ್ತು. ಸೀಲಿಂಗಿಗೆ ಹೊಸ ತೂತು. ಕಿಟಕಿಯ ಉದ್ದನೆಯ ಪರದೆಗಳೂ ಕ್ಯೂಗೆ ಸುತ್ತಿಕೊಳ್ಳುತ್ತಿದ್ದವು, ಅವು ಹೋಗಿ ಸುರುಳಿ ಪರದೆ ಬಂತು. ದಿವಾನ ಕೆಳಗೆ ಹೋಯಿತು. ನೋಡುವವರಿಗೆ ಕೂರಲು ಜಾಗ ಈಗ ಬಾಲ್ಕನಿಯಲ್ಲಿ ಮಾತ್ರ.

ನೆಂಟರು ಬಂದಾಗ "ಸ್ನೂಕರ್ ಟೇಬಲ್ಲೇ ತರಬೇಕಿತ್ತು" ಅನ್ನುವವರು ಒಬ್ಬರಾದರೂ ಇರುತ್ತಾರೆ. ನಮ್ಮ ಪಕ್ಕದ ಊಟಿಯ ಕ್ಲಬ್ಬಿನಲ್ಲೇ 1882ರಲ್ಲಿ ಸ್ನೂಕರ್ ನಿಯಮಗಳನ್ನು ಬರೆದು ತೂಗುಹಾಕಿದ್ದು. ಆದರೆ ಆ ಸಾಹೇಬರಿಗೆ ಜಾಗದ ಬರ ಇರಲಿಲ್ಲ. 12 ಅಡಿಯ ಪೂರ್ತಿ ಟೇಬಲ್ಲಿಗೆ 22×16 ಅಡಿಯ ಕೋಣೆ ಬೇಕು. 30×40 ಸೈಟಿನಲ್ಲಿ ಸೆಟ್‌ಬ್ಯಾಕ್ (ಮನೆಯ ಸುತ್ತ ಖಾಲಿ ಬಿಡಬೇಕಾದ ಜಾಗ) ಬಿಟ್ಟು ಅಷ್ಟು ಜಾಗ ತೆಗೆದರೆ, ಅಡುಗೆಮನೆ ಟೇಬಲ್ಲಿನ ಕೆಳಗೆ ಬರುತ್ತದೆ.

ಆ ಪೈಪನ್ನು ನಾನು ಎಸೆಯಲಿಲ್ಲ. ಕ್ಯೂ ಸ್ಟ್ಯಾಂಡಿನಲ್ಲೇ ಇಟ್ಟಿದ್ದೆ. ಕಳೆದ ತಿಂಗಳು ಸಹೋದ್ಯೋಗಿಯೊಬ್ಬರು ತಾವೂ ಟೇಬಲ್ ತರುವುದಾಗಿ ಹೇಳಿ ಅದನ್ನು ಒಯ್ದರು. ಅವರ ಹಾಲಿನ ಅಗಲ ಹನ್ನೊಂದೂವರೆ ಅಡಿ. ಬೇಡ ಸಾರ್ ಅಂತ ಹೇಳಿ ನೋಡಿದೆ, ಒಮ್ಮೆ ಅಳೆದೇ ಬಿಡ್ತೀನಿ ಅಂದರು. ಮೊನ್ನೆ ಪೈಪ್ ವಾಪಸ್ ಬಂತು. ಹಿಡಿದಾಗ ಯಾಕೋ ಹಗುರ ಅನ್ನಿಸಿ ಟೇಪ್ ಹಿಡಿದೆ. 48 ಇಂಚು ಇತ್ತು.