ಜೇಬಿನಲ್ಲಿ ತಾನಾಗಿ ಹೊತ್ತಿಕೊಳ್ಳುತ್ತಿದ್ದ ಟಾರ್ಚ್: ಫೋನಿನ ಗೆಸ್ಚರ್‌ಗಳನ್ನು ಹತೋಟಿಗೆ ತಂದ ನನ್ನ ಅನುಭವ

ನಾನು ತೀರ್ಥಹಳ್ಳಿ ಪೇಟೆಯಲ್ಲಿ ಅಂಗಡಿಯಿಂದ ಅಂಗಡಿಗೆ ಹೋಗಿ ಪಿಗ್ಮಿ ಹಣ ಸಂಗ್ರಹಿಸುವವನು. ದಿನವಿಡೀ ಸ್ಕೂಟರಿನಲ್ಲಿ ಓಡಾಟ, ಅಂಗಿಯ ಜೇಬಿನಲ್ಲಿ ಫೋನು. ಎರಡು ವರ್ಷಗಳ ಹಿಂದೆ ಹೊಸ ಫೋನು ಕೊಂಡ ಮೇಲೆ ಮಧ್ಯಾಹ್ನದೊಳಗೇ ಬ್ಯಾಟರಿ ಖಾಲಿಯಾಗತೊಡಗಿತು. ಬ್ಯಾಟರಿಯೇ ಸರಿಯಿಲ್ಲವೆಂದು ನಾನು ನಂಬಿದ್ದಾಗ, ಒಂದು ದಿನ ಕಿರಾಣಿ ಅಂಗಡಿಯ ಯಜಮಾನರು ನನ್ನ ಎದೆಯ ಕಡೆ ಕೈ ತೋರಿಸಿ, “ಜೇಬಲ್ಲಿ ಲೈಟು ಉರೀತಾ ಇದೆಯಲ್ಲ ಮಾರಾಯ್ರೆ” ಎಂದರು. ಫೋನನ್ನು ಎರಡು ಸಲ ಜೋರಾಗಿ ಒದರಿದರೆ ಟಾರ್ಚ್ ಹೊತ್ತಿಕೊಳ್ಳುವ ಸೌಲಭ್ಯ ಅದರಲ್ಲಿ ಮೊದಲೇ ಚಾಲೂ ಇತ್ತು. ಹೀಗೆ ಒದರುವುದು, ತಟ್ಟುವುದು, ಸವರುವುದನ್ನೇ ಫೋನು ಆಜ್ಞೆಯೆಂದು ತಿಳಿಯುವುದಕ್ಕೆ ಗೆಸ್ಚರ್ ಎನ್ನುತ್ತಾರೆ. ಗುಂಡಿ ಬಿದ್ದ ರಸ್ತೆಯಲ್ಲಿ ಸ್ಕೂಟರ್ ಕುಲುಕಿದ್ದನ್ನೇ ಅದು ನನ್ನ ಕೈಯ ಒದರಾಟವೆಂದು ತಿಳಿಯುತ್ತಿತ್ತು.

ಆಗ ನಾನು ಮಾಡಿದ ಮೊದಲ ಪರಿಹಾರ ತಪ್ಪಾಗಿತ್ತು. ಸೆಟ್ಟಿಂಗ್ಸ್ ನೋಡುವುದನ್ನು ಬಿಟ್ಟು, ಜೇಬಿನ ಸಹವಾಸವೇ ಬೇಡವೆಂದು ಸ್ಕೂಟರಿನ ಹ್ಯಾಂಡಲ್‌ಗೆ ಹೋಲ್ಡರ್ ಹಾಕಿಸಿದೆ. ವಾರ ಕಳೆಯುವಷ್ಟರಲ್ಲಿ ನಡುರಸ್ತೆಯಲ್ಲಿ ಫೋನು ಸೈರನ್‌ನಂತೆ ಕೂಗಿಕೊಂಡಿತು. ಪರದೆಯ ಮೇಲೆ ಐದು, ನಾಲ್ಕು, ಮೂರು ಎಂದು ಎಣಿಕೆ ಇಳಿಯುತ್ತಿತ್ತು. ನಾನು ಗಾಡಿಯನ್ನು ಬದಿಗೆ ನಿಲ್ಲಿಸುವಷ್ಟರಲ್ಲಿ ತುರ್ತು ಸಹಾಯದ 112ಕ್ಕೆ ಕರೆ ಹೋಗಿಬಿಟ್ಟಿತ್ತು. ಗಾಬರಿಯಲ್ಲಿ ಕಟ್ ಮಾಡಲು ಹೊರಟಿದ್ದೆ, ಆದರೆ ಹಾಗೆ ಮಾಡದೆ, “ತಪ್ಪಿ ಒತ್ತಿಹೋಗಿದೆ, ನಾನು ಕ್ಷೇಮವಾಗಿದ್ದೇನೆ” ಎಂದು ಹೇಳಿ ಕ್ಷಮೆ ಕೇಳಿ ಇಟ್ಟೆ. ಎಲ್ಲರೂ ಹೀಗೆಯೇ ಮಾಡಬೇಕೆಂದು ಕಳಕಳಿಯಿಂದ ಹೇಳುತ್ತೇನೆ, ಏಕೆಂದರೆ ಮಾತಿಲ್ಲದೆ ಕಡಿದುಹೋದ ಕರೆಯ ಹಿಂದೆ ನಿಜವಾದ ಅಪಾಯ ಇರಬಹುದೇ ಎಂದು ಆ ಕಡೆಯವರು ಯೋಚಿಸಬೇಕಾಗುತ್ತದೆ.

ಮನೆಗೆ ಬಂದು ಹೋಲ್ಡರನ್ನು ಬಿಚ್ಚಿ ನೋಡಿದಾಗ ಕಾರಣ ಕಣ್ಣಿಗೇ ಕಂಡಿತು. ಅದರ ಒಂದು ಹಿಡಿಕೆ ಸರಿಯಾಗಿ ಪವರ್ ಬಟನ್ನಿನ ಮೇಲೆ ಕೂರುತ್ತಿತ್ತು. ಫೋನಿನ ಕವರ್‌ನಲ್ಲಿ ಬಟನ್ನಿನ ಜಾಗ ಅಕ್ಕಿಕಾಳಿನಷ್ಟು ಉಬ್ಬಿದ್ದುದರಿಂದ ಗಾಡಿ ಕುಲುಕಿದಾಗಲೆಲ್ಲ ಅದು ಒತ್ತಿ ಒತ್ತಿ ಬಿಡುತ್ತಿತ್ತು. ಆಂಡ್ರಾಯ್ಡ್ 12ರಿಂದೀಚೆಗೆ ಬಹಳಷ್ಟು ಫೋನುಗಳಲ್ಲಿ ಪವರ್ ಬಟನ್ನನ್ನು ಬೇಗಬೇಗನೆ ಐದು ಸಲ ಒತ್ತಿದರೆ ತುರ್ತು ಕರೆ ಹೊರಡುತ್ತದೆ. ನಮ್ಮ ದೇಶದಲ್ಲಂತೂ 2017ರ ಜನವರಿ 1ರಿಂದ ಮಾರಾಟವಾಗುವ ಮೊಬೈಲುಗಳಲ್ಲಿ ಪ್ಯಾನಿಕ್ ಬಟನ್ ಇರಲೇಬೇಕೆಂದು ಸರ್ಕಾರ ನಿಯಮ ಮಾಡಿತು. ಕೀಪ್ಯಾಡ್ ಫೋನಾದರೆ 5 ಅಥವಾ 9ನ್ನು ಒತ್ತಿ ಹಿಡಿಯುವುದು, ಸ್ಮಾರ್ಟ್‌ಫೋನಾದರೆ ಪವರ್ ಬಟನ್ನನ್ನು ಮೂರು ಸಲ ಒತ್ತುವುದು ಆ ನಿಯಮದಲ್ಲಿದ್ದ ಕ್ರಮ.

ಹಾಗಾದರೆ ಈ ತುರ್ತು ಕರೆಯ ಸೌಲಭ್ಯವನ್ನು ಪೂರ್ತಿ ಆಫ್ ಮಾಡಿಬಿಡಬಹುದಿತ್ತಲ್ಲ ಎಂದು ಕೆಲವರು ಕೇಳಿದರು. ಸಂಜೆ ಹೊತ್ತಿಗೆ ನನ್ನ ಚೀಲದಲ್ಲಿ ಊರವರ ಹಣವಿರುತ್ತದೆ, ಕತ್ತಲಾದ ಮೇಲೆ ಒಬ್ಬನೇ ಮನೆ ಸೇರಬೇಕು. ನನಗೆ ಆ ಸೌಲಭ್ಯ ಬೇಕೇ ಬೇಕು. ಆದ್ದರಿಂದ ಸೆಟ್ಟಿಂಗ್ಸ್‌ನ ತುರ್ತು ವಿಭಾಗಕ್ಕೆ ಹೋಗಿ, ಎಣಿಕೆ ಮುಗಿದೊಡನೆ ಕರೆ ತಾನಾಗಿ ಹೋಗುವ ಆಯ್ಕೆಯ ಬದಲು, ಪರದೆಯ ಮೇಲಿನ ವೃತ್ತವನ್ನು ಬೆರಳಿನಿಂದ ಒತ್ತಿ ಹಿಡಿದರೆ ಮಾತ್ರ ಹೋಗುವ ಆಯ್ಕೆಯನ್ನು ಆರಿಸಿದೆ. ಈ ಆಯ್ಕೆ ಎಲ್ಲ ಫೋನುಗಳಲ್ಲೂ ಇರುವುದಿಲ್ಲ. ಇಲ್ಲದವರು ಬಟನ್ನಿನ ಜಾಗದಲ್ಲಿ ತೆರೆದಿರುವ ಕವರ್ ಹಾಕಿಕೊಳ್ಳುವುದು ಒಳ್ಳೆಯದು. ನಾನು ಕವರನ್ನೂ ಬದಲಿಸಿದೆ, ಹೋಲ್ಡರಿನ ಹಿಡಿಕೆಯನ್ನು ಎರಡು ಬೆರಳಿನಷ್ಟು ಕೆಳಕ್ಕೂ ಇಳಿಸಿದೆ. ಟಾರ್ಚಿನ ಒದರಾಟವನ್ನು ಮಾತ್ರ ಗೆಸ್ಚರ್ಸ್ ವಿಭಾಗದಲ್ಲಿ ಪೂರ್ತಿಯಾಗಿ ನಿಲ್ಲಿಸಿದೆ.

ಅಂದಿನಿಂದ ಒಂದು ರೂಢಿ ಮಾಡಿಕೊಂಡೆ. ಫೋನು ತಾನಾಗಿ ಏನಾದರೂ ಮಾಡಿದರೆ ಕೂಡಲೇ ವಸೂಲಿ ಪುಸ್ತಕದ ಕೊನೆಯ ಪುಟದಲ್ಲಿ ಏನಾಯಿತು, ಆಗ ಫೋನು ಎಲ್ಲಿತ್ತು, ಕೈ ಎಲ್ಲಿತ್ತು ಎಂದು ಬರೆಯುವುದು. ಎಂಟು ಹತ್ತು ಸಾಲು ಸೇರಿದಾಗ, ಫೋನಿನಲ್ಲಿ ತುಂಬುತ್ತಿದ್ದ ಹಣದ ಎಂಟ್ರಿ ಅರ್ಧಕ್ಕೇ ಮಾಯವಾಗುವುದು ಫೋನು ಎಡಗೈಯಲ್ಲಿದ್ದಾಗ ಮಾತ್ರ ಎಂಬುದು ಹೊಳೆಯಿತು. ಹೆಬ್ಬೆರಳಿನ ಬುಡದ ಮಾಂಸಲ ಭಾಗ ಎಡ ಅಂಚನ್ನು ಸವರುತ್ತಿತ್ತು, ಫೋನು ಅದನ್ನು ಹಿಂದಕ್ಕೆ ಹೋಗುವ ಸೂಚನೆಯೆಂದು ಗ್ರಹಿಸಿ ಪುಟವನ್ನೇ ಮುಚ್ಚುತ್ತಿತ್ತು. ಸಿಸ್ಟಮ್ ನ್ಯಾವಿಗೇಶನ್ ಎಂಬಲ್ಲಿ ಎಡ ಅಂಚಿಗೂ ಬಲ ಅಂಚಿಗೂ ಬೇರೆಬೇರೆಯಾಗಿ ಸೂಕ್ಷ್ಮತೆ ಹೊಂದಿಸಲು ಬರುತ್ತದೆ. ಎಡದ್ದನ್ನು ತೀರಾ ಕಡಿಮೆ ಮಾಡಿ, ಬಲದ್ದನ್ನು ಇದ್ದಂತೆಯೇ ಬಿಟ್ಟೆ. ಇದೂ ಒಗ್ಗದವರು ಪರದೆಯ ಕೆಳಗೆ ಮೂರು ಬಟನ್ನುಗಳು ಕಾಣುವ ಹಳೆಯ ಪದ್ಧತಿಗೆ ಮರಳಿದರೆ ಯಾವ ನಷ್ಟವೂ ಇಲ್ಲ.

ಮಳೆಗಾಲದ ಕಾಟವೇ ಬೇರೆ. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟರೂ ತೇವಕ್ಕೆ ಪರದೆ ತಾನಾಗಿ ಎಚ್ಚರಗೊಳ್ಳುತ್ತಿತ್ತು. ಎರಡು ಸಲ ತಟ್ಟಿದರೆ ಮತ್ತು ಎತ್ತಿದರೆ ಪರದೆ ಬೆಳಗುವ ಎರಡೂ ಸೌಲಭ್ಯಗಳನ್ನು ತೆಗೆದ ಮೇಲೆ ಅದು ನಿಂತಿತು.

ಎಲ್ಲಕ್ಕಿಂತ ಹೆಚ್ಚು ಕಂಗೆಡಿಸಿದ್ದು ಅಮ್ಮನ ಫೋನು. ಮುಟ್ಟಿದ್ದನ್ನೆಲ್ಲ ಗಟ್ಟಿಯಾಗಿ ಓದುತ್ತಿತ್ತು, ಒಂದು ಸಲ ಮುಟ್ಟಿದರೆ ಏನೂ ತೆರೆಯುತ್ತಿರಲಿಲ್ಲ. “ಇದಕ್ಕೆ ಏನೋ ಬಡಿದಿದೆ ಕಣೋ, ನನ್ನ ಮಾತೇ ಕೇಳಲ್ಲ” ಎಂದು ಅವರು ಎರಡು ದಿನ ಅದನ್ನು ಮುಟ್ಟಿರಲಿಲ್ಲ. ಫೋನನ್ನು ಬಿಗಿಯಾಗಿ ಹಿಡಿದಾಗ ಎರಡೂ ವಾಲ್ಯೂಮ್ ಬಟನ್ನುಗಳು ಒಟ್ಟಿಗೆ ಒತ್ತಿ, ಕಣ್ಣು ಕಾಣದವರಿಗಾಗಿ ಇರುವ ಟಾಕ್‌ಬ್ಯಾಕ್ ಶುರುವಾಗಿತ್ತು. ಅದೇ ಎರಡು ಬಟನ್ನುಗಳನ್ನು ಮತ್ತೆ ಮೂರು ಸೆಕೆಂಡು ಒತ್ತಿ ಹಿಡಿದೆ, ನಿಂತಿತು. ಆಮೇಲೆ ಆಕ್ಸೆಸಿಬಿಲಿಟಿ ವಿಭಾಗದಲ್ಲಿ ಆ ಶಾರ್ಟ್‌ಕಟ್ಟನ್ನೇ ತೆಗೆದುಹಾಕಿದೆ. ಮನೆಯಲ್ಲಿ ದೃಷ್ಟಿ ಮಂದವಾದವರಿದ್ದರೆ ಅವರನ್ನು ಕೇಳದೆ ಇದಕ್ಕೆ ಕೈ ಹಾಕಬಾರದು, ಅವರಿಗೆ ಅದೇ ಆಧಾರ.

ಈಗ ಪ್ರತಿ ಸಿಸ್ಟಮ್ ಅಪ್‌ಡೇಟ್ ಆದ ರಾತ್ರಿ ಎರಡೂ ಫೋನುಗಳ ಗೆಸ್ಚರ್ಸ್ ಪುಟವನ್ನು ಮೇಲಿನಿಂದ ಕೆಳಗಿನವರೆಗೆ ಓದುತ್ತೇನೆ. ಕಳೆದ ಸಲ ನನ್ನ ಫೋನಿನಲ್ಲಿ, ಹಿಂಬದಿಯನ್ನು ಎರಡು ಸಲ ತಟ್ಟಿದರೆ ಸ್ಕ್ರೀನ್‌ಶಾಟ್ ತೆಗೆಯುವ ಹೊಸ ಸೌಲಭ್ಯವೊಂದು ಬಂದು ಕೂತಿತ್ತು. ಬೆಳಿಗ್ಗೆ ಸ್ಕೂಟರ್ ಹೊರಡುವ ಮೊದಲೇ ಅದನ್ನು ಆಫ್ ಮಾಡಿದೆ.