ನೆತ್ತಿ ಮೇಲಿನ ಮೂರು ಗೆಲಾಕ್ಸಿ: ಫೋಟೊ ತೆಗೆಯುವುದು ಹೀಗೆ

ಶಿವರಾತ್ರಿಗೆ ಹೇಗೂ ಜಾಗರಣೆ. ಆ ರಾತ್ರಿ ಬೆಳಗಿನ ಜಾವದವರೆಗೆ ಚಂದ್ರನ ಕಾಟವಿಲ್ಲ, ಮೋಡವೂ ಕಡಿಮೆ. ಯುಗಾದಿ ಹಿಂದಿನ ಅಮಾವಾಸ್ಯೆಯೂ ಹಾಗೇ. ಮಸುಕು ಗೆಲಾಕ್ಸಿಗಳ ಫೋಟೊ ತೆಗೆಯುವವರಿಗೆ ನಮ್ಮ ಕಡೆ ಇದೇ ಸುಗ್ಗಿ.

ಮೊದಲ ಗುರಿಯಾಗಿ ಸಿಂಹ ರಾಶಿಯ ಎಂ65, ಎಂ66 ಮತ್ತು ಎನ್‌ಜಿಸಿ 3628 ಎಂಬ ಮೂರು ಗೆಲಾಕ್ಸಿಗಳಿರಲಿ. ದೂರ ಸುಮಾರು 3.5 ಕೋಟಿ ಜ್ಯೋತಿರ್ವರ್ಷ. ಮೂರೂ ಸೇರಿ ಹುಣ್ಣಿಮೆ ಚಂದ್ರನಿಗಿಂತ ಸ್ವಲ್ಪ ಜಾಸ್ತಿ ಜಾಗ ಹಿಡಿಯುತ್ತವೆ, ಅಷ್ಟೇ. ಇವನ್ನೇ ಯಾಕೆ ಅಂದರೆ, ಇವು ಆಕಾಶದ ನಡುರೇಖೆಯಿಂದ ಸುಮಾರು 13 ಡಿಗ್ರಿ ಉತ್ತರಕ್ಕಿವೆ. ಬೆಂಗಳೂರು, ಮಂಗಳೂರು, ಹಾಸನಗಳ ಅಕ್ಷಾಂಶವೂ ಸುಮಾರು ಅಷ್ಟೇ. ಹಾಗಾಗಿ ಮಾರ್ಚ್ ಮಧ್ಯದ ನಡುರಾತ್ರಿ ಹೊತ್ತಿಗೆ ಇವು ಹೆಚ್ಚುಕಡಿಮೆ ನೇರ ನೆತ್ತಿ ಮೇಲೆ ಬರುತ್ತವೆ. ದೂಳು, ಮಂಜು ಅಲ್ಲೇ ಅಲ್ವಾ ಕಡಿಮೆ ಅಡ್ಡ ಬರುವುದು?

ಊರಿನ ದೀಪಗಳಿಂದ ದೂರ ಹೋಗಿ. ಇದಕ್ಕೆ ಬದಲಿ ಉಪಾಯವಿಲ್ಲ.

ದುಡ್ಡನ್ನು ಲೆನ್ಸ್‌ಗಿಂತ ಮೊದಲು ಟ್ರ್ಯಾಕರ್‌ಗೆ, ಅಂದರೆ ಆಕಾಶದ ಜೊತೆಗೇ ಕ್ಯಾಮೆರಾವನ್ನು ತಿರುಗಿಸುವ ಯಂತ್ರಕ್ಕೆ ಹಾಕಿ. ಭೂಮಿ ತಿರುಗುವುದರಿಂದ 300 ಎಂಎಂ ಲೆನ್ಸ್‌ನಲ್ಲಿ ಒಂದೇ ಸೆಕೆಂಡಿಗೆ ನಕ್ಷತ್ರ ಸುಮಾರು ಐದು ಪಿಕ್ಸೆಲ್ ಜಾರಿಬಿಡುತ್ತದೆ. ಟ್ರ್ಯಾಕರ್ ಆ ತಿರುಗಾಟವನ್ನು ಸರಿದೂಗಿಸುತ್ತದೆ. ಹಳೆಯ ಡಿಎಸ್‌ಎಲ್‌ಆರ್ ಇದ್ದರೂ ನಡೆಯುತ್ತದೆ.

ನಮ್ಮವರಿಗೆ ನಿಜವಾದ ತಲೆನೋವು ಟ್ರ್ಯಾಕರ್ ಹೊಂದಿಸುವುದು. ಅದರ ಅಕ್ಷ ಧ್ರುವ ನಕ್ಷತ್ರದ ಪಕ್ಕಕ್ಕೇ ಗುರಿಯಿಡಬೇಕು. ಬೆಂಗಳೂರಿನಲ್ಲಿ ಧ್ರುವ ದಿಗಂತದಿಂದ ಬರೀ 13 ಡಿಗ್ರಿ ಮೇಲೆ, ಬೀದರ್‌ನಲ್ಲಿ 18ರ ಹತ್ತಿರ. ಒಂದು ತೆಂಗಿನಮರ ಸಾಕು, ಮರೆಯಾಗಲು. ಉತ್ತರ ದಿಕ್ಕು ಬಯಲಾಗಿರುವ ಜಾಗವನ್ನು ಹಗಲಲ್ಲೇ ನೋಡಿಟ್ಟುಕೊಳ್ಳಿ. ಟ್ರ್ಯಾಕರ್ ಅಷ್ಟು ಕೆಳಗೆ ಬಾಗುತ್ತದಾ, ಬಾಗಿದಾಗ ಅದರ ತೂಕದ ಕಡ್ಡಿ ಟ್ರೈಪಾಡ್ ಕಾಲಿಗೆ ಬಡಿಯುತ್ತದಾ ಎಂದು ಕೊಳ್ಳುವ ಮೊದಲೇ ಪರೀಕ್ಷಿಸಿ. ಧ್ರುವ ಕಾಣದಿದ್ದರೆ, ಲ್ಯಾಪ್‌ಟಾಪ್ ಇರುವವರು ‘ನೀನಾ’ ತಂತ್ರಾಂಶದ ಮೂರು ಬಿಂದುಗಳ ವಿಧಾನ ಬಳಸಬಹುದು. ಆಕಾಶದ ಮೂರು ಕಡೆಯ ಫೋಟೊ ನೋಡಿ ಅಕ್ಷ ಎಷ್ಟು ತಪ್ಪಿದೆ ಎಂದು ಅದು ಹೇಳುತ್ತದೆ.

ಮುಂದೆ ಫೋಕಸ್. ಮಘಾ ನಕ್ಷತ್ರಕ್ಕೆ ಗುರಿಯಿಟ್ಟು ಲೈವ್ ವ್ಯೂನಲ್ಲಿ ಹತ್ತು ಪಟ್ಟು ದೊಡ್ಡದು ಮಾಡಿ. ಚುಕ್ಕಿ ಅತಿ ಚಿಕ್ಕದಾದಾಗ ನಿಲ್ಲಿಸಿ, ಫೋಕಸ್ ರಿಂಗ್‌ಗೆ ಟೇಪ್ ಅಂಟಿಸಿ. ನಂತರ ಪುಬ್ಬ ನಕ್ಷತ್ರದ ಜೋಡಿಯಲ್ಲಿ ದಕ್ಷಿಣದ್ದನ್ನು ಹಿಡಿದು, ಅಲ್ಲಿಂದ ಇನ್ನೂ ಎರಡೂವರೆ ಡಿಗ್ರಿ ದಕ್ಷಿಣಕ್ಕೆ ಸರಿಯಿರಿ. 30 ಸೆಕೆಂಡಿನ ಒಂದು ಫೋಟೊ ತೆಗೆದರೆ ಮೂರು ಮಸುಕು ಗೀಟುಗಳು ಕಾಣಬೇಕು.

ಎಫ್/4, ಐಎಸ್‌ಒ 1600, 90 ಸೆಕೆಂಡ್, ರಾ ಫೈಲ್. ಹಿಸ್ಟೋಗ್ರಾಮ್‌ನ (ಕ್ಯಾಮೆರಾ ತೋರಿಸುವ ಬೆಳಕಿನ ನಕ್ಷೆ) ಗುಡ್ಡ ಎಡದಿಂದ ಕಾಲು ಭಾಗದಲ್ಲಿರಲಿ. ಇಂಥ 120 ಫ್ರೇಮ್ ತೆಗೆದರೆ ಮೂರು ಗಂಟೆ ಬೆಳಕು ಸಿಕ್ಕಿತು. ಒಂದೊಂದು ಫ್ರೇಮ್ ನೋಡಿ ಬೇಜಾರಾಗಬೇಡಿ, ಕೊನೆಗೆ ಎಲ್ಲವನ್ನೂ ಒಂದರ ಮೇಲೊಂದು ಪೇರಿಸುತ್ತೇವೆ, ಗೆಲಾಕ್ಸಿ ಇರುವುದು ಆ ಒಟ್ಟು ಲೆಕ್ಕದಲ್ಲಿ. ಫ್ರೇಮ್‌ಗಳನ್ನು ನಾಲ್ಕು ಪಟ್ಟು ಮಾಡಿದರೆ ನಾಯ್ಸ್ (ಚಿತ್ರದಲ್ಲಿನ ಕಾಳುಕಾಳು) ಅರ್ಧಕ್ಕೆ ಇಳಿಯುತ್ತದೆ. ಆಗಾಗ ಕ್ಯಾಮೆರಾವನ್ನು ಕೂದಲೆಳೆಯಷ್ಟು ಸರಿಸಿ. ಆಗ ಪೇರಿಸಿದಾಗ ಸೆನ್ಸರ್‌ನ ಕಲೆಗಳು ಒಂದೇ ಕಡೆ ಕೂರುವುದಿಲ್ಲ.

ಮನೆಗೆ ಓಡುವ ಆತುರದಲ್ಲಿ ಜನ ಬಿಟ್ಟುಬಿಡುವುದು ಇದನ್ನೇ: ಡಾರ್ಕ್ ಮತ್ತು ಫ್ಲ್ಯಾಟ್ ಫ್ರೇಮ್, ಅಂದರೆ ಸೆನ್ಸರ್ ಮತ್ತು ಲೆನ್ಸ್‌ನ ದೋಷಗಳನ್ನು ಆಮೇಲೆ ಕಳೆಯಲು ತೆಗೆಯುವ ಫೋಟೊಗಳು. ಲೆನ್ಸ್ ಮುಚ್ಚಳ ಹಾಕಿ, ಅದೇ ಐಎಸ್‌ಒ, ಅದೇ 90 ಸೆಕೆಂಡಿನ 20 ಡಾರ್ಕ್ ತೆಗೆಯಿರಿ. ಅಲ್ಲೇ, ಆ ರಾತ್ರಿಯ ತಂಪಿನಲ್ಲೇ. ಬಿಸಿಯಾದ ಕೋಣೆಯಲ್ಲಿ ತೆಗೆದದ್ದು ಉಪಯೋಗಕ್ಕೆ ಬಾರದು. ಬೆಳಕು ಹರಿಯುವಾಗ ಲೆನ್ಸ್ ಬಾಯಿಗೆ ಬಿಳಿ ಬನಿಯನ್ ಸುಕ್ಕಿಲ್ಲದಂತೆ ಬಿಗಿದು, ಆಕಾಶಕ್ಕೆ ಹಿಡಿದು 20 ಫ್ಲ್ಯಾಟ್. ಟೇಪ್ ಕೀಳಬೇಡಿ, ಫೋಕಸ್ ಕದಲಿದರೆ ಫ್ಲ್ಯಾಟ್ ಕೆಟ್ಟಿತು. ಮೂಲೆಗಳ ಕತ್ತಲು, ದೂಳಿನ ಉಂಗುರ ಹೋಗುವುದು ಇದರಿಂದಲೇ.

ಉಳಿದದ್ದು ಕಂಪ್ಯೂಟರ್ ಕೆಲಸ. ‘ಸಿರಿಲ್’ ಉಚಿತ, ಎಲ್ಲವನ್ನೂ ಅದೇ ಪೇರಿಸಿಕೊಡುತ್ತದೆ. ಫಲಿತಾಂಶ ಮೊದಲು ಬರೀ ಕಪ್ಪಾಗಿ ಕಾಣುತ್ತದೆ. ಹಿಸ್ಟೋಗ್ರಾಮ್ ಸ್ಟ್ರೆಚ್ ಮಾಡುತ್ತಾ (ಮಸುಕು ಭಾಗಗಳನ್ನು ಬೆಳಗಿಸುತ್ತಾ) ಹೋದಂತೆ ಎಂ66ರ ತೋಳುಗಳು ಮೇಲೇಳುತ್ತವೆ. ಹಿನ್ನೆಲೆಯನ್ನು ಪೂರ್ತಿ ಕಪ್ಪು ಮಾಡಬೇಡಿ, ಮಸುಕು ಅಂಚುಗಳೂ ಅದರ ಜೊತೆಗೇ ಹೋಗುತ್ತವೆ. ಎನ್‌ಜಿಸಿ 3628 ನಮಗೆ ಪಕ್ಕದಿಂದ ಕಾಣುವ ಗೆಲಾಕ್ಸಿ. ಅದರ ನಡುವೆ ಹಾದುಹೋಗುವ ದೂಳಿನ ಕಪ್ಪು ಗೆರೆ ಕಂಡರೆ ರಾತ್ರಿ ಸಾರ್ಥಕ. ಅದಕ್ಕೆ ಸುಮಾರು 3 ಲಕ್ಷ ಜ್ಯೋತಿರ್ವರ್ಷ ಉದ್ದದ ತೆಳು ಬಾಲವೂ ಇದೆ, ಆದರೆ ಮೂರು ಗಂಟೆಯಷ್ಟು ಬೆಳಕಿಗೆ ಅದು ಸಿಗುವುದು ಕಷ್ಟ. ಫೈಲ್‌ಗಳನ್ನು ಅಳಿಸಬೇಡಿ. ಆಯಾ ರಾತ್ರಿಯ ಫ್ಲ್ಯಾಟ್ ಜೊತೆಗಿಟ್ಟುಕೊಂಡರೆ ಮುಂದಿನ ವರ್ಷದ ಫ್ರೇಮ್‌ಗಳನ್ನೂ ಇವಕ್ಕೇ ಸೇರಿಸಬಹುದು.