ಭೋಂಗಾ ಆದಾಗ ನೀವೆಲ್ಲಿ ಇರ್ತಿದ್ರಿ?

ಕಲಬುರಗಿಯಲ್ಲಿ ಎಂ.ಎಸ್.ಕೆ. ಮಿಲ್ ಅಂದರೆ ಈಗ ಒಂದು ಏರಿಯಾದ ಹೆಸರು. ಆಟೋದವರಿಗೆ ಅಷ್ಟು ಹೇಳಿದರೆ ಸಾಕು. ಮಹಬೂಬ್ ಶಾಹಿ ಕುಲ್ಬರ್ಗಾ ಅನ್ನುವುದರ ಮೂರು ಅಕ್ಷರ ಅವು. ಮಹಬೂಬ್ ಅಂದರೆ ಹೈದರಾಬಾದಿನ ಆರನೇ ನಿಜಾಮ. ಬಟ್ಟೆ ಮಿಲ್ ಮುಚ್ಚಿ ಬಹಳ ವರ್ಷವಾಯಿತು, ಪಾಳಿಗೆ ಕರೆಯುತ್ತಿದ್ದ ಅದರ ಭೋಂಗಾ, ಅಂದರೆ ಸೈರನ್, ನಿಂತಿತು, ಹೆಸರು ಮಾತ್ರ ಉಳಿದಿದೆ. ಆ ಕಡೆಯ ಒಂದು ಓಣಿಯಲ್ಲಿ ಕಳೆದ ಮೇ ತಿಂಗಳು ನಾನು ಆರ್ಕಿಟೆಕ್ಚರ್ ಓದುವ 12 ಮಕ್ಕಳ ಜೊತೆ ನಾಲ್ಕು ವಾರದ ಬೇಸಿಗೆ ಕೋರ್ಸ್ ನಡೆಸಿದೆ. ನಕ್ಷೆ ತೆಗೆದವರೇ ಕಟ್ಟಬೇಕು. ಕಟ್ಟುವುದು ಓಣಿಯವರಿಗೆ ಬೇಕಾದದ್ದಾಗಿರಬೇಕು, ಅದರಲ್ಲಿ ಅವರ ಕೈಯ ಕಲೆಯೂ ಇರಬೇಕು. ಇಷ್ಟೇ ನಿಯಮ.

ಇಂಥ ಕೋರ್ಸುಗಳಿಗೆ ದೊಡ್ಡ ಹೆಸರು ತಂದದ್ದು ಅಮೆರಿಕದ ರೂರಲ್ ಸ್ಟುಡಿಯೋ. 1993ರಲ್ಲಿ ಸ್ಯಾಮ್ಯುಯೆಲ್ ಮಾಕ್‌ಬೀ ಮತ್ತು ಡಿ.ಕೆ. ರೂತ್ ಅಲಬಾಮಾದ ಆಬರ್ನ್ ವಿಶ್ವವಿದ್ಯಾಲಯದಿಂದ ಮಕ್ಕಳನ್ನು ಬಡ ಹಳ್ಳಿಗಳಿಗೆ ಕರೆದುಕೊಂಡು ಹೋಗಿ ಮನೆ ಕಟ್ಟಿಸಿದರು. ಅದರ ಫೋಟೋಗಳನ್ನು ನಾನು ಓದುವಾಗಲೇ ನೋಡಿದ್ದೆ. ನಮ್ಮೂರಲ್ಲೂ ಮಾಡಬೇಕು ಅನ್ನುವ ಆಸೆ ಅಂದಿನಿಂದಲೂ ಇತ್ತು.

ಮೊದಲ ಮೂರು ದಿನ ಹಾಳಾದವು, ಅದು ನನ್ನ ತಪ್ಪು. ‘ನಿಮ್ಮ ಓಣಿಯ ಇತಿಹಾಸ ಹೇಳಿ’ ಅಂತ ಕೇಳಿಕೊಂಡು ಬರಲು ಮಕ್ಕಳನ್ನು ಮನೆ ಮನೆಗೆ ಕಳಿಸಿದೆ. ಬಂದ ಉತ್ತರಗಳೆಲ್ಲ ಒಂದೇ. ಕೋಟೆ, ಬಂದೇ ನವಾಜ್ ದರ್ಗಾ, ಶರಣಬಸವೇಶ್ವರ ಗುಡಿ. ಇತಿಹಾಸ ಅಂದ ಕೂಡಲೇ ಜನ ತಮ್ಮನ್ನು ಬಿಟ್ಟು ಬಹಮನಿ ಸುಲ್ತಾನರ ಕಡೆ ಕೈ ತೋರಿಸುತ್ತಾರೆ. ನಾಲ್ಕನೇ ದಿನ ಒಬ್ಬ ಹುಡುಗಿ ಪ್ರಶ್ನೆ ಬದಲಾಯಿಸಿದಳು. ‘ಅಜ್ಜಿ, ಮಿಲ್ಲಿನ ಭೋಂಗಾ ಆದಾಗ ನೀವೆಲ್ಲಿ ಇರ್ತಿದ್ರಿ?’

ಅಲ್ಲಿಂದ ಮಾತು ನಿಲ್ಲಲೇ ಇಲ್ಲ.

‘ಒಲಿ ಮುಂದ ಇರ್ತಿದ್ನೆವ್ವಾ. ಅದು ಹೊಡಿತಂದ್ರ ಬುತ್ತಿ ಕಟ್ಟಿ ಕೈಯಾಗ ಕೊಟ್ಟಿರಬೇಕು’ ಅಂದರು ಅಜ್ಜಿ. ಇನ್ನೊಬ್ಬರು ಬೇವಿನ ಮರದ ಕೆಳಗೆ ನಿಂತು ಅಪ್ಪ ಬರುವ ದಾರಿ ನೋಡುತ್ತಿದ್ದರಂತೆ. ಒಬ್ಬರ ಮನೆಯಲ್ಲಿ ಗಡಿಯಾರವೇ ಇರಲಿಲ್ಲ, ಮಗಳನ್ನು ಶಾಲೆಗೆ ಎಬ್ಬಿಸುತ್ತಿದ್ದದ್ದೂ ಭೋಂಗಾ. ಬೆಳಗಿನ ಭೋಂಗಾ ಏಳಕ್ಕೋ ಎಂಟಕ್ಕೋ ಅನ್ನುವ ಬಗ್ಗೆ ಇಬ್ಬರು ಹಿರಿಯರು ಅರ್ಧ ಗಂಟೆ ವಾದ ಮಾಡಿದರು. ಮಕ್ಕಳು ಬರೆದುಕೊಳ್ಳುವುದನ್ನೇ ಮರೆತು ಕೇಳಿದರು.

ಏನು ಕಟ್ಟಬೇಕು ಅನ್ನುವುದು ಈ ಮಾತುಗಳಲ್ಲೇ ಸಿಕ್ಕಿತು. ಎಲ್ಲರ ನೆನಪೂ ಆ ಬೇವಿನ ಮರಕ್ಕೆ ಬಂದು ನಿಲ್ಲುತ್ತಿತ್ತು. ಮರ ಇನ್ನೂ ಇದೆ, ಕೂರಲು ಮಾತ್ರ ಜಾಗವಿಲ್ಲ. ಹಾಗಾಗಿ ಕಟ್ಟೆ.

ಮಕ್ಕಳ ಮೊದಲ ನಕ್ಷೆಯಲ್ಲಿ ಕಟ್ಟೆ ಮರದ ಉತ್ತರಕ್ಕಿತ್ತು. ನೆರಳು ಉತ್ತರಕ್ಕೆ ಬೀಳುತ್ತದೆ ಅಂತ ಅವರು ಓದಿದ್ದರು. ನಾನು ಏನೂ ಹೇಳಲಿಲ್ಲ. ಒಂದು ದಿನ ಪೂರ್ತಿ, ಗಂಟೆಗೊಮ್ಮೆ ಮರದ ನೆರಳಿನ ಅಂಚಿಗೆ ರಂಗೋಲಿ ಪುಡಿ ಉದುರಿಸಲು ಹೇಳಿದೆ. ಓಣಿಯ ಚಿಕ್ಕ ಮಕ್ಕಳು ಪುಡಿ ಡಬ್ಬಿ ಕಸಿದುಕೊಂಡು ಆ ಕೆಲಸ ತಾವೇ ಮಾಡಿದರು. ಕಲಬುರಗಿ ಇರುವುದು ಸುಮಾರು 17 ಡಿಗ್ರಿ ಅಕ್ಷಾಂಶದಲ್ಲಿ. ಮೇ 10ರ ಆಸುಪಾಸು ನಡುಹಗಲಿನ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ, ನೆಟ್ಟ ಕೋಲಿಗೆ ನೆರಳೇ ಇರುವುದಿಲ್ಲ. ಅಲ್ಲಿಂದ ಆಗಸ್ಟ್ ಶುರುವಿನ ತನಕ ಮಧ್ಯಾಹ್ನದ ಸೂರ್ಯ ಉತ್ತರಕ್ಕೇ ಇರುತ್ತಾನೆ, ನೆರಳು ದಕ್ಷಿಣಕ್ಕೆ ಬೀಳುತ್ತದೆ. ಓಣಿಯವರು ಹೊರಗೆ ಬಂದು ಕೂರುವುದು ಸಂಜೆ ನಾಲ್ಕರ ಮೇಲೆ. ಆಗ ನೆರಳು ಇರುವುದು ಮರದ ಪೂರ್ವಕ್ಕೆ. ಸಂಜೆ ಹೊತ್ತಿಗೆ ನೆಲದ ಮೇಲಿನ ಬಿಳಿ ಗೆರೆಗಳನ್ನು ನೋಡಿ ಮಕ್ಕಳೇ ಕಟ್ಟೆಯನ್ನು ಪೂರ್ವಕ್ಕೆ ಸರಿಸಿದರು.

ಎತ್ತರವನ್ನೂ ಹಾಗೇ ತೀರ್ಮಾನಿಸಿದೆವು. ಇಟ್ಟಿಗೆ ಜೋಡಿಸಿ, ಹಲಗೆ ಇಟ್ಟು, 15, 17, 19 ಇಂಚಿನ ಮೂರು ಕಟ್ಟೆ ಮಾಡಿ ಎಲ್ಲರನ್ನೂ ಕೂರಿಸಿ ನೋಡಿದೆವು. ಮೊಣಕಾಲು ನೋವಿನ ಅಜ್ಜಿಯರಿಗೆ 19 ಬೇಕು, ಓಣಿಯ ಚಿಕ್ಕ ಮಕ್ಕಳಿಗೆ 15. ಓಣಿ ಸ್ವಲ್ಪ ಇಳಿಜಾರು ಇದ್ದದ್ದು ಅನುಕೂಲವಾಯಿತು. ಮೇಲಿನ ಫರಸಿ, ಅಂದರೆ ಹಾಸುಗಲ್ಲು, ಒಂದೇ ಮಟ್ಟಕ್ಕಿಟ್ಟರೆ ಈ ತುದಿಗೆ 15 ಇಂಚು, ಆ ತುದಿಗೆ 19.

ಕಲ್ಲಿನ ಬಗ್ಗೆ ಯೋಚಿಸಬೇಕಾದದ್ದೇ ಇರಲಿಲ್ಲ, ಶಹಾಬಾದ ಫರಸಿ. ಶಹಾಬಾದ, ಚಿತ್ತಾಪುರ, ಸೇಡಂ ಸುತ್ತಿನ ಸುಣ್ಣದ ಕಲ್ಲು ಅದು. ವಾಡಿ, ಸೇಡಂ ಕಡೆ ಸಿಮೆಂಟ್ ಕಾರ್ಖಾನೆಗಳು ಬಂದದ್ದೂ ಇದೇ ಕಲ್ಲಿಗಾಗಿ. ನೆಲದಲ್ಲಿ ಪದರ ಪದರವಾಗಿರುವುದರಿಂದ ಹಲಗೆಯ ಹಾಗೆ ಎಬ್ಬಿಸಬಹುದು. ನಮ್ಮ ಕಡೆ ನೆಲಕ್ಕೂ ಇದೇ, ಅಡುಗೆ ಕಟ್ಟೆಗೂ ಇದೇ. ನಾವು ಎರಡು ಇಂಚು ದಪ್ಪದ್ದು ತಂದು, ಎರಡೂವರೆ ಅಡಿಗೊಂದು ಇಟ್ಟಿಗೆ ಕಾಲು ಕೊಟ್ಟೆವು.

ಕೆಲಸ ಬೆಳಿಗ್ಗೆ 6ರಿಂದ 10, ಮತ್ತೆ ಸಂಜೆ 5ರಿಂದ 7. ನಡುವೆ 42 ಡಿಗ್ರಿ ಬಿಸಿಲು, ಆಗ ಒಳಗೆ ಕೂತು ನಕ್ಷೆ ಕೆಲಸ. ಕರಣೆ ಹಿಡಿಯಲು ಕಲಿಸಿದ ಗೌಂಡಿ ಆ ಓಣಿಯವರೇ. ಅವರು ಮೊದಲ ದಿನವೇ ಫರಸಿಗಳನ್ನು ರಾತ್ರಿಯಿಡೀ ನೀರಲ್ಲಿ ನೆನೆಸಲು ಹೇಳಿದರು. ಒಣ ಕಲ್ಲು ಗಾರೆಯ ನೀರನ್ನು ಹೀರಿಕೊಳ್ಳುತ್ತದೆ, ಆಮೇಲೆ ಗಾರೆ ಸರಿಯಾಗಿ ಹಿಡಿಯುವುದಿಲ್ಲ. ಕಟ್ಟಿದ ಮೇಲೆ ಒದ್ದೆ ಗೋಣಿಚೀಲ ಹೊದಿಸಿ ಏಳು ದಿನ ನೀರು ಬಿಡಬೇಕು. ತೊಗರಿ ಊರು ನಮ್ಮದು, ಗೋಣಿಚೀಲಕ್ಕೆ ಬರವೇ? ನೀರು ಹಾಕುವ ಪಾಳಿಯನ್ನು ಓಣಿಯ ಹೆಣ್ಣುಮಕ್ಕಳು ತಾವೇ ಹಂಚಿಕೊಂಡರು.

ಕಲೆಯ ವಿಷಯಕ್ಕೆ ಜಾಸ್ತಿ ಚರ್ಚೆ ನಡೆಯಿತು. ಸಿನಿಮಾ ಪೋಸ್ಟರುಗಳಿಗೆ, ದೇವರ ಕ್ಯಾಲೆಂಡರುಗಳಿಗೆ ಚಿತ್ರ ಬರೆದು ದೇಶಕ್ಕೆಲ್ಲ ಗೊತ್ತಾದ ಎಸ್.ಎಂ. ಪಂಡಿತರು ಹುಟ್ಟಿದ ಊರು ಇದು. ಮಕ್ಕಳಿಗೆ ಅಂಥದ್ದೇ ದೊಡ್ಡ ಬಣ್ಣದ ಗೋಡೆ ಚಿತ್ರ ಬೇಕಿತ್ತು. ಮಿಲ್ಲಿನಲ್ಲಿ ದುಡಿದ ಹಿರಿಯರೊಬ್ಬರು ಕೇಳಿದರು, ‘ಬಣ್ಣ ಎರಡ್ ಬ್ಯಾಸಿಗಿ ತಡೀತದೇನ್ರಿ ಅಕ್ಕೋರೆ? ಕಲ್ಲಿನಾಗ ಮಾಡ್ರಿ.’ ಅವರ ಮಾತು ಸರಿ ಅನ್ನಿಸಿತು. ಓಣಿಯ ಹೆಂಗಸರು ತಮ್ಮ ನೆನಪುಗಳನ್ನು ಬಾಗಿಲ ಮುಂದೆ ರಂಗೋಲಿಯಲ್ಲಿ ಬರೆದರು. ಬುತ್ತಿ ಡಬ್ಬಿ, ನೂಲಿನ ಕಂಡಿಕೆ, ಬಾಗಿಲಲ್ಲಿ ಬಿಟ್ಟ ಚಪ್ಪಲಿ, ಸೈಕಲ್ಲು. ಮಕ್ಕಳು ಅದನ್ನು ಕಾಗದಕ್ಕೆ ಇಳಿಸಿ ಫರಸಿಯ ಮೇಲೆ ಗೆರೆ ಹಾಕಿದರು. ಬೀಸುವ ಕಲ್ಲಿಗೆ ಉಳಿಯಿಂದ ಕಚ್ಚು ಹೊಡೆದುಕೊಡುವ ಹೆಣ್ಣುಮಗಳೊಬ್ಬರು ಬಂದು, ಆ ಗೆರೆಗಳನ್ನು ಚುಕ್ಕಿ ಚುಕ್ಕಿಯಾಗಿ ಕೊರೆಯುವುದನ್ನು ಕಲಿಸಿದರು. ಅವರಿಗೆ ಗೌಂಡಿಯಷ್ಟೇ ದಿನಗೂಲಿ ಕೊಟ್ಟೆವು. ಕಲೆ ಅಂತ ಹೇಳಿ ಸುಮ್ನೆ ಮಾಡಿಸಿಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ.

ಇಲ್ಲೊಂದು ಅನಾಹುತ ಆಯಿತು. ಚಿತ್ರದ ಫರಸಿಗಳ ಮೇಲೆ ಸಿಮೆಂಟ್ ಮೆತ್ತಿಕೊಂಡು ಉಳಿದಿತ್ತು. ಒಬ್ಬ ಹುಡುಗ ಬಚ್ಚಲು ತೊಳೆಯುವ ಆಸಿಡ್ ಸುರಿದ. ಸುಣ್ಣದ ಕಲ್ಲಿಗೆ ಆಸಿಡ್ ಬಿದ್ದರೆ ನೊರೆ ಬಂದು ಮೇಲ್ಮೈಯೇ ಕರಗುತ್ತದೆ. ಕಂಡಿಕೆಯ ಚಿತ್ರ ಮಸುಕಾಗಿ ಹೋಯಿತು, ಹುಡುಗ ಅತ್ತುಬಿಟ್ಟ. ಮೊದಲೇ ಹೇಳಬೇಕಾದದ್ದು ನಾನು. ಆ ಹೆಣ್ಣುಮಗಳು ಅವನನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಮತ್ತೆ ಅದೇ ಗೆರೆ ಕೊರೆಸಿದರು. ಈಗ ಉಳಿದ ಚಿತ್ರಗಳಿಗಿಂತ ಅದೇ ಆಳವಾಗಿದೆ.

ಕೊನೆಯ ವಾರ ಮಕ್ಕಳು ಭೋಂಗಾದ ಬದಲಿಗೆ ಒಂದು ನೆರಳು ಗಡಿಯಾರ ಮಾಡಿದರು. ಇಟ್ಟಿಗೆ ಕಂಬ, ಅದರ ಮೇಲೆ ಎರಡು ಅಡಿ ಚೌಕದ ಫರಸಿ, ನಡುವೆ ಮುಮ್ಮೂಲೆಯ ಕಬ್ಬಿಣದ ತಗಡು. ತಗಡಿನ ಓರೆ ಅಂಚು ಉತ್ತರಕ್ಕೆ 17 ಡಿಗ್ರಿ ಏರಿರಬೇಕು, ಆಗಲೇ ವರ್ಷವಿಡೀ ಗಂಟೆಯ ಗೆರೆಗಳು ಹೊಂದುತ್ತವೆ. ಕಲಬುರಗಿಯ ಸೂರ್ಯ ನಮ್ಮ ಕೈಗಡಿಯಾರಕ್ಕಿಂತ ಸುಮಾರು 23 ನಿಮಿಷ ಹಿಂದೆ. ದೇಶದ ಸಮಯ 82.5 ಡಿಗ್ರಿ ರೇಖಾಂಶದ್ದು, ನಾವು ಅದಕ್ಕಿಂತ ಪಶ್ಚಿಮಕ್ಕಿದ್ದೇವೆ ಅಲ್ವಾ? ಅದನ್ನು ಸೇರಿಸಿ ಗೆರೆ ಹಾಕಿದೆವು. ಋತುವಿನ ಜೊತೆ ಕೆಲವು ನಿಮಿಷ ಆಚೀಚೆ ಆಗುತ್ತದೆ, ಅದಕ್ಕೆ ಏನೂ ಮಾಡುವಂತಿಲ್ಲ. ಬೆಳಗಿನ ಭೋಂಗಾಕ್ಕೆ ಏಳರ ಗೆರೆಯನ್ನೂ ಎಂಟರ ಗೆರೆಯನ್ನೂ ಕೊರೆದೆವು. ಇಬ್ಬರು ಹಿರಿಯರೂ ಅವರವರ ಗೆರೆ ಮುಟ್ಟಿ ನೋಡಿದರು.

ಆಗ ಒಬ್ಬ ಅಜ್ಜಿ ಕೇಳಿದರು, ‘ರಾತ್ರಿ ಪಾಳಿ ಎಲ್ಲಿ ಹೋತವ್ವಾ? ನನ್ನ ಗಂಡ ಮಾಡಿದ್ದೆಲ್ಲ ಅದೇ.’

ನಮ್ಮ ಹತ್ತಿರ ಉತ್ತರ ಇರಲಿಲ್ಲ. ರಾತ್ರಿಗೆ ನೆರಳಿಲ್ಲ. ಮಕ್ಕಳು ಅವತ್ತು ಊಟಕ್ಕೂ ಹೋಗದೆ ಮಾತಾಡಿಕೊಂಡರು. ಮರುದಿನ, ಉಳಿದ ದುಡ್ಡಿನಲ್ಲಿ ಒಂದು ಸೋಲಾರ್ ದೀಪ ತಂದು ಕಟ್ಟೆಯ ಎತ್ತರದ ತುದಿಗೆ ಕಂಬ ನೆಟ್ಟರು. ಆ ತುದಿಯ ಫರಸಿಯ ಮೇಲೆ ಅಜ್ಜಿ ತಾವೇ ಒಂದು ಕಂದೀಲು ಬರೆದುಕೊಟ್ಟರು.

ಈ ವರ್ಷ ಏಪ್ರಿಲ್‌ನಲ್ಲಿ ಹೋಗಿ ನೋಡಿದೆ. ಎರಡು ಕಡೆ ಸಂದು ಬಿಟ್ಟಿತ್ತು, ಗೌಂಡಿಯೂ ನಾನೂ ಸೇರಿ ತುಂಬಿದೆವು. ನೆರಳು ಗಡಿಯಾರದ ಫರಸಿಯ ಮೇಲೆ ಯಾರೋ ದಾರಿಹೋಕರಿಗೆಂದು ನೀರಿನ ಗಡಿಗೆ ಇಟ್ಟಿದ್ದರು. ತಗಡಿಗೆ ಒರಗಿಸಿ, ಮೇಲೆ ತಟ್ಟೆ ಮುಚ್ಚಿ, ಲೋಟ ಬೋರಲು ಹಾಕಿದ್ದರು. ಗಂಟೆಯ ಗೆರೆಗಳು ಒಂದೂ ಕಾಣುತ್ತಿರಲಿಲ್ಲ. ನಾನು ಗಡಿಗೆ ಸರಿಸಲಿಲ್ಲ, ನೀರು ಕುಡಿದು ಬಂದೆ. ಈ ಮೇ ತಿಂಗಳ ಹೊಸ ತಂಡಕ್ಕೆ ಮೊದಲ ಕೆಲಸ ಅದೇ ಕೊಟ್ಟಿದ್ದೇನೆ. ಮರದ ನೆರಳಲ್ಲಿ ಎರಡು ಗಡಿಗೆ ಹಿಡಿಯುವಷ್ಟು ಕಲ್ಲಿನ ಅಡ್ಡಣಿಗೆ, ಚೆಲ್ಲಿದ ನೀರು ಬೇವಿನ ಬುಡಕ್ಕೆ ಹೋಗುವ ಹಾಗೆ.